ಸೆಟಿರಿಜಿನ್ 10, ಲೆವೋಸೆಟಿರಿಜಿನ್ 5: ಅಲರ್ಜಿ ಮಾತ್ರೆಯಲ್ಲಿ ನಾನು ಎಡವಿದ ಜಾಗ

ಡಿ.ಫಾರ್ಮ ಪರೀಕ್ಷೆಗೆ ಓದುತ್ತಾ ಬರೆದಿಟ್ಟುಕೊಂಡದ್ದು. ಹಿಸ್ಟಮಿನ್ ಅಂದರೆ ಅಲರ್ಜಿಯಾದಾಗ ನಮ್ಮ ಮೈಯೇ ಬಿಡುವ ಒಂದು ರಾಸಾಯನಿಕ. ಸೀನು, ಮೂಗು ಸೋರುವುದು, ಪಿತ್ತದ ಗಂಧೆ ಎಲ್ಲದರ ಹಿಂದೆ ಅದಿರುತ್ತದೆ. ಮಾತ್ರೆ ಅದನ್ನು ನಾಶ ಮಾಡುವುದಿಲ್ಲ, ಅದು ಕೂರುವ ಜಾಗವಾದ ಎಚ್1 ಗ್ರಾಹಕವನ್ನು ಹಿಡಿದುಕೊಳ್ಳುತ್ತದೆ, ಅಷ್ಟೇ.

ನಾನು ಎರಡು ದಿನ ಸಿಕ್ಕಿಬಿದ್ದದ್ದು ಇಲ್ಲಿ. ದೊಡ್ಡವರಿಗೆ ಸೆಟಿರಿಜಿನ್ ದಿನಕ್ಕೆ 10 ಮಿ.ಗ್ರಾಂ., ಲೆವೋಸೆಟಿರಿಜಿನ್ ಮಾತ್ರ 5 ಮಿ.ಗ್ರಾಂ. ಹಾಗಾದರೆ ಎರಡನೆಯದು ಅರ್ಧ ಶಕ್ತಿಯದು, ಅಲರ್ಜಿ ಜಾಸ್ತಿ ಇದ್ದರೆ ಎರಡು ನುಂಗಬಹುದು ಅಂದುಕೊಂಡಿದ್ದೆ. ಪೂರ್ತಿ ತಪ್ಪು.

ಒಂದು ಜೊತೆ ಚಪ್ಪಲಿ ನೆನೆಸಿಕೊಳ್ಳಿ. ಎಡ, ಬಲ ಎರಡೂ ಒಂದೇ ಅಳತೆ, ಒಂದೇ ಚರ್ಮ. ಆದರೆ ಒಂದು ಕಾಲಿಗೆ ಒಂದೇ ಹೊಂದುತ್ತದೆ. ಸೆಟಿರಿಜಿನ್ ಅಣುವಿಗೂ ಹೀಗೆ ಕನ್ನಡಿಯೊಳಗಿನ ಜೋಡಿ ಇದೆ. 10 ಮಿ.ಗ್ರಾಂ. ಮಾತ್ರೆಯಲ್ಲಿ ಎರಡೂ ಸಮಸಮ, ತಲಾ 5. ಗ್ರಾಹಕಕ್ಕೆ ಗಟ್ಟಿಯಾಗಿ ಕೂರುವುದು ಒಂದೇ ಬಗೆ. ಆ ಬಗೆಯನ್ನಷ್ಟೇ ಬೇರ್ಪಡಿಸಿದ್ದು ಲೆವೋಸೆಟಿರಿಜಿನ್. ಅಂದರೆ ಇದರ 5, ಅದರ 10ಕ್ಕೆ ಸಮ. ಎರಡನ್ನೂ ಒಟ್ಟಿಗೆ ತಗೊಂಡರೆ ಒಂದೇ ಔಷಧಿ ದುಪ್ಪಟ್ಟಾಯಿತು, ಅಲ್ವಾ? ಇದು ತಲೆಗೆ ಹೋದ ಮೇಲೆ ಉಳಿದದ್ದೆಲ್ಲ ಸಲೀಸಾಯಿತು.

ಅದಕ್ಕೇ ನನ್ನ ಸುಲಭ ದಾರಿ ಒಂದೇ: ಮುಂದಿನ ದೊಡ್ಡ ಹೆಸರು ಬಿಡಿ, ಸ್ಟ್ರಿಪ್‌ನ ಹಿಂಬದಿಯ ಸಣ್ಣ ಅಕ್ಷರ ಓದಿ. ಮನೆಯ ಔಷಧಿ ಡಬ್ಬಿ ಸುರಿದು ನೋಡಿದೆ. ಒಂದು ನೆಗಡಿ ಮಾತ್ರೆಯ ಹಿಂದೆ ಪ್ಯಾರಾಸಿಟಮಾಲ್, ಫಿನೈಲೆಫ್ರಿನ್, ಆಮೇಲೆ ಕ್ಲೋರ್‌ಫೆನಿರಮಿನ್ ಮಲಿಯೇಟ್. ಈ ಕೊನೆಯದೂ ಆಂಟಿಹಿಸ್ಟಮಿನ್, ಅಂದರೆ ಹಿಸ್ಟಮಿನ್ ಕೆಲಸ ತಡೆಯುವ ಔಷಧಿ! ಪಕ್ಕದಲ್ಲೇ ಅವಿಲ್, ಅಂದರೆ ಫೆನಿರಮಿನ್. ಇನ್ನೊಂದರಲ್ಲಿ ಮಾಂಟೆಲುಕಾಸ್ಟ್ ಜೊತೆ ಲೆವೋಸೆಟಿರಿಜಿನ್. ಮೂರು ಹೆಸರು, ಮೂರರಲ್ಲೂ ಅದೇ ಕೆಲಸದ ಔಷಧಿ.

ಕ್ಲೋರ್‌ಫೆನಿರಮಿನ್, ಫೆನಿರಮಿನ್ ಹಳೆಯ ತಲೆಮಾರಿನವು. ಮಿದುಳಿಗೂ ಇಳಿಯುತ್ತವೆ, ತೂಕಡಿಕೆ ಜಾಸ್ತಿ. ಬಾಯಿ ಒಣಗುತ್ತದೆ. ಪ್ರಾಸ್ಟೇಟ್ ಊತ ಇರುವವರಿಗೆ ಮೂತ್ರ ಕಟ್ಟಬಹುದು, ಕೆಲವು ಬಗೆಯ ಗ್ಲಾಕೋಮಾದಲ್ಲಿ ಕಣ್ಣಿಗೆ ಅಪಾಯ. ಅಜ್ಜನ ಕೈಗೆ ಸುಮ್ನೆ ಕೊಡಬೇಡಿ. ಸೆಟಿರಿಜಿನ್ ಹೊಸದಾದರೂ ಕೆಲವರಿಗೆ ನಿದ್ದೆ ತರುತ್ತದೆ. ಮೊದಲ ಸಲ ರಾತ್ರಿ ತಗೊಂಡು ನೋಡಿ, ಬೈಕ್ ಹತ್ತುವ ಮುಂಚೆ ಬೇಡ. ಮದ್ಯದ ಜೊತೆ ಬೇಡವೇ ಬೇಡ. ಕಿಡ್ನಿ ತೊಂದರೆ ಇದ್ದರೆ ಪ್ರಮಾಣ ಇಳಿಸಬೇಕು, ಅದನ್ನು ಡಾಕ್ಟರೇ ಹೇಳಬೇಕು. ಇದೇ ಗುಂಪಿನ ಇನ್ನೊಂದು ಔಷಧಿ ಫೆಕ್ಸೊಫೆನಡಿನ್‌ನಲ್ಲಿ ತೂಕಡಿಕೆ ತೀರ ಕಡಿಮೆ. ಆದರೆ ನೀರಲ್ಲೇ ನುಂಗಿ: ಕಿತ್ತಳೆ, ಸೇಬಿನ ಜ್ಯೂಸ್ ಜೊತೆ ತಗೊಂಡರೆ ಮೈಗೆ ಸರಿಯಾಗಿ ಸೇರುವುದಿಲ್ಲ.

ಮಕ್ಕಳ ವಿಷಯ: ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆತ ನೆಗಡಿ ಔಷಧಿಯನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ 2023ರಲ್ಲಿ ಕೇಂದ್ರದ ಔಷಧ ನಿಯಂತ್ರಕರು ಹೇಳಿದ್ದಾರೆ.

ನಾಲಿಗೆ, ಗಂಟಲು ಊದಿಕೊಂಡು ಉಸಿರು ಕಟ್ಟುತ್ತಿದ್ದರೆ ಈ ಮಾತ್ರೆಗಳನ್ನು ನಂಬಿ ಕಾಯಬೇಡಿ. ಅಲ್ಲಿ ಬೇಕಾದದ್ದು ಅಡ್ರಿನಲಿನ್ ಇಂಜೆಕ್ಷನ್. 108ಕ್ಕೆ ಫೋನ್ ಮಾಡಿ, ತಕ್ಷಣ.