ತೊಗರಿ ಗಾಡಿ ಯಾಕೆ ನಿಲ್ಲಲಿಲ್ಲ?

ಪಿಯುಸಿ ಮೊದಲ ವರ್ಷದ ಕ್ಲಾಸಿನಲ್ಲಿ ನಾನು ಪ್ರತಿ ಸಲ ಕೇಳುವ ಪ್ರಶ್ನೆ ಒಂದಿದೆ. ಕಲಬುರಗಿ ಎಪಿಎಂಸಿಯಲ್ಲಿ ಹಮಾಲರೊಬ್ಬರು ತೊಗರಿ ಚೀಲ ಹೇರಿದ ಗಾಡಿಯನ್ನು ಸಪಾಟು ನೆಲದ ಮೇಲೆ, ಜೋರೂ ಇಲ್ಲ ನಿಧಾನವೂ ಇಲ್ಲ, ಒಂದೇ ವೇಗದಲ್ಲಿ ನೇರ ತಳ್ಳಿಕೊಂಡು ಹೊರಟಿದ್ದಾರೆ. ತಳ್ಳುವ ಬಲ ಜಾಸ್ತಿಯೋ, ಘರ್ಷಣೆ ಜಾಸ್ತಿಯೋ?

"ತಳ್ಳೋದೇ ಜಾಸ್ತಿರಿ ಸರ್, ಇಲ್ಲಾಂದ್ರ ಗಾಡಿ ಹೆಂಗ ಮುಂದ ಹೋಗ್ತದ?"

ಎರಡೂ ಸಮ. ಹಾಗಂದ ಕೂಡಲೇ ಮಕ್ಕಳಿಗೆ ನನ್ನ ಮೇಲೇ ಅನುಮಾನ!

ಅವರ ತಪ್ಪೇನಿಲ್ಲ. ಕೈ ಬಿಟ್ಟರೆ ಗಾಡಿ ನಿಲ್ಲುವುದನ್ನು ಚಿಕ್ಕಂದಿನಿಂದ ನೋಡಿದ್ದಾರೆ. ಆದರೆ ಅದನ್ನು ನಿಲ್ಲಿಸಿದ್ದು ಘರ್ಷಣೆ. ಕೈ ಬಿಟ್ಟ ಮೇಲೆ ಅದೊಂದೇ ಉಳಿಯಿತು, ಎದುರಿಗೆ ಯಾರೂ ಇಲ್ಲ.

ಸುಮ್ನೆ ಒಂದು ಲೆಕ್ಕ ಹಾಕೋಣ. 50 ಕೆಜಿಯ ನಾಲ್ಕು ಚೀಲ, ಗಾಡಿಯದ್ದು 50, ಒಟ್ಟು 250 ಕೆಜಿ. ಘರ್ಷಣೆ 200 ನ್ಯೂಟನ್ (ಬಲ ಅಳೆಯುವ ಮಾನ) ಅಂತಿಟ್ಟುಕೊಳ್ಳಿ. ಹೊರಡುವಾಗ ಹಮಾಲರು 250 ನ್ಯೂಟನ್ ಹಾಕಿ ತಳ್ಳುತ್ತಾರೆ. ಉಳಿದದ್ದು 50. ಅದನ್ನು 250 ಕೆಜಿಯಿಂದ ಭಾಗಿಸಿದರೆ 0.2, ಅಂದರೆ ಪ್ರತಿ ಸೆಕೆಂಡಿಗೆ ವೇಗ ಸೆಕೆಂಡಿಗೆ 0.2 ಮೀಟರ್‌ನಷ್ಟು ಏರುತ್ತದೆ, ಐದು ಸೆಕೆಂಡಿಗೆ ಸೆಕೆಂಡಿಗೊಂದು ಮೀಟರ್ ವೇಗ ಬಂತು. ಈಗ ಅವರು ಕೈ ಸ್ವಲ್ಪ ಸಡಿಲಿಸಿ 200ಕ್ಕೆ ಇಳಿಸಿದರೆ ಫಲಿತ ಬಲ, ಅಂದರೆ ಕಳೆದು ಉಳಿದ ಬಲ, ಸೊನ್ನೆ, ಗಾಡಿ ಅದೇ ಒಂದು ಮೀಟರ್ ವೇಗದಲ್ಲಿ ಹೋಗುತ್ತಲೇ ಇರುತ್ತದೆ.

"ಸೊನ್ನೆ ಆದ್ರ ನಿಲ್ಲಬೇಕಲ್ರಿ?" ಅಂತ ಹಿಂದಿನ ಬೆಂಚಿನಿಂದ ಬಂದೇ ಬರುತ್ತದೆ. ಆಗ ನಾನು ಅಡತಿ ಅಂಗಡಿಗೆ ಹೋಗುತ್ತೇನೆ. ಗಲ್ಲಾದಲ್ಲಿ 5,000 ರೂಪಾಯಿ ಇದೆ. ಇವತ್ತು ಬಂದದ್ದೂ ಹೋದದ್ದೂ ಸಮ. ಗಲ್ಲಾ ಖಾಲಿಯಾಯಿತಾ? ಇಲ್ಲ, 5,000 ಹಾಗೇ ಇದೆ. ವೇಗ ಅಂದರೆ ಗಲ್ಲಾದಲ್ಲಿರುವ ದುಡ್ಡು, ಬಲ ಅಂದರೆ ಜಮಾ–ಖರ್ಚು. ನ್ಯೂಟನ್ 1687ರಲ್ಲಿ ಬರೆದ ಮೊದಲ ನಿಯಮ ಹೇಳುವುದೂ ಇಷ್ಟೇ, ಆದರೆ ಪುಸ್ತಕದ ವಾಕ್ಯ ಬಾಯಿಪಾಠ ಮಾಡಿದವರಿಗೇ ಈ ಗಾಡಿ ಜಾಸ್ತಿ ಕಾಡುತ್ತದೆ.

ಒಂದು ಎಚ್ಚರಿಕೆ. ಜಗತ್ ಸರ್ಕಲ್ ಸುತ್ತುವ ಬಸ್ಸಿನ ಮೀಟರ್ 20ರಲ್ಲೇ ನಿಂತಿದ್ದರೂ ಬಲಗಳು ಸಮ ಅಲ್ಲ. ದಿಕ್ಕು ಬದಲಾಗುತ್ತಿದೆ, ಅಲ್ವಾ?

ಗಾಡಿ ಅರ್ಥವಾಯಿತು ಅಂದವರಿಗೆ ಲಿಫ್ಟ್ ಕೊಡುತ್ತೇನೆ. 600 ಕೆಜಿ ಲಿಫ್ಟ್ ಒಂದೇ ವೇಗದಲ್ಲಿ ಮೇಲೇರುತ್ತಿದೆ, ಹಗ್ಗದ ಎಳೆತ ಎಷ್ಟು? ಈಗ ಹೆಚ್ಚಿನವರು ಲಿಫ್ಟಿನ ತೂಕದಷ್ಟೇ, 600 × 9.8 ಅಂದರೆ 5,880 ನ್ಯೂಟನ್ ಅಂತ ಸರಿಯಾಗೇ ಹೇಳುತ್ತಾರೆ. ಅದೇ ಲಿಫ್ಟ್ ಒಂದೇ ವೇಗದಲ್ಲಿ ಕೆಳಗೆ ಬರುವಾಗ ಎಷ್ಟು ಅಂದರೆ, ಅರ್ಧ ಕ್ಲಾಸು ಮತ್ತೆ "ಕಡಿಮಿ ಸರ್" ಅನ್ನುತ್ತದೆ. ಸರಿ, ಗಲ್ಲಾ ತೆಗೆಯಿರಿ ಅನ್ನುತ್ತೇನೆ.