ಬಾವುಟವಿಲ್ಲದ ದಂಡು: ಫಿರಂಗಿಯೇ ನಿಶಾನಿಯಾದ ಬಗೆ

1880ರ ಜುಲೈ 27. ಅಫ್ಘಾನಿಸ್ತಾನದ ಕಂದಹಾರದಿಂದ ಪಶ್ಚಿಮಕ್ಕೆ, ಮೈವಂದ್ ಎಂಬ ಹಳ್ಳಿಯ ಬಯಲು. ಅಫ್ಘನ್ ರಾಜಕುಮಾರ ಅಯೂಬ್ ಖಾನನ ಸೈನ್ಯದ ಎದುರು ನಿಂತಿದ್ದ ಬ್ರಿಟಿಷ್ ಇಂಡಿಯಾದ ಬ್ರಿಗೇಡು ಸುಡುಬಿಸಿಲಿನಲ್ಲಿ ಚೆಲ್ಲಾಪಿಲ್ಲಿಯಾಯಿತು. ಸುಮಾರು 2,500 ಮಂದಿಯಲ್ಲಿ ಸಾವಿರದಷ್ಟು ಜನ ಅಲ್ಲೇ ಉಳಿದರು. ಕಾಲಾಳುಗಳ 66ನೇ ರೆಜಿಮೆಂಟು ತನ್ನ ಎರಡೂ ಬಾವುಟಗಳನ್ನು ಕಳೆದುಕೊಂಡಿತು. ಅದೇ ಬಯಲಲ್ಲಿ ಕುದುರೆ ತೋಪಖಾನೆಯ ಆರು ಫಿರಂಗಿಗಳಿದ್ದವು. ಶತ್ರುಗಳು ಕೈಯಳತೆಗೆ ಬರುವವರೆಗೂ ಗುಂಡು ಹಾರಿಸಿದ ಗೋಲಂದಾಜರು, ಅಂದರೆ ಫಿರಂಗಿಯ ಸಿಪಾಯಿಗಳು, ಕೊನೆಗೆ ನಾಲ್ಕನ್ನು ಎಳೆದುಕೊಂಡು ಹೊರಬಿದ್ದರು. ಎರಡು ಶತ್ರುವಶವಾದವು. ಸಾರ್ಜೆಂಟ್ ಪ್ಯಾಟ್ರಿಕ್ ಮುಲೇನ್ ಮತ್ತು ಗನ್ನರ್ ಜೇಮ್ಸ್ ಕೊಲಿಸ್ ಆ ದಿನದ ಸಾಹಸಕ್ಕೆ ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದರು. ಹೋದ ಎರಡು ಫಿರಂಗಿಗಳು ಐದು ವಾರಗಳ ಮೇಲೆ, ಸೆಪ್ಟೆಂಬರ್ 1ರ ಕಂದಹಾರ ಯುದ್ಧದಲ್ಲಿ ಮರಳಿ ಸಿಕ್ಕವು.

ಸೋತು ಹಿಂದೆಗೆಯುವಾಗ ಪ್ರಾಣ ಉಳಿಸಿಕೊಳ್ಳುವುದು ಬಿಟ್ಟು ಕಬ್ಬಿಣದ ಭಾರವನ್ನು ಯಾಕೆ ಎಳೆಯಬೇಕು? ಶತ್ರುವಿನ ಕೈಗೆ ಆಯುಧ ಸಿಗಬಾರದು ಎನ್ನುವುದು ಒಂದು ಕಾರಣ. ಆದರೆ ಅದಷ್ಟೇ ಆಗಿದ್ದರೆ ಫಿರಂಗಿಯ ಕಿವಿಗೆ, ಅಂದರೆ ಬೆಂಕಿ ತಾಗಿಸುವ ತೂತಿಗೆ, ಮೊಳೆ ಜಡಿದು ಬಿಟ್ಟು ಬಂದರೂ ನಡೆಯುತ್ತಿತ್ತು. ಕಾಲಾಳಿಗೆ ಬಾವುಟ ಏನೋ ಗೋಲಂದಾಜನಿಗೆ ಫಿರಂಗಿ ಅದೇ. ತೋಪಖಾನೆಗೆ ಬೇರೆ ಬಾವುಟವಿಲ್ಲ.

ಇದು ಹೀಗಾದದ್ದಕ್ಕೆ ಯುದ್ಧಭೂಮಿಯ ರೀತಿಯೇ ಕಾರಣ ಎಂದು ನನಗನಿಸುತ್ತದೆ. ಮದ್ದಿನ ಹೊಗೆಯಲ್ಲಿ ಪಕ್ಕದವನೇ ಕಾಣದಿದ್ದಾಗ ಕಾಲಾಳು ತನ್ನ ಪಲ್ಟನ್ ಎಲ್ಲಿದೆ ಎಂದು ತಿಳಿಯುತ್ತಿದ್ದದ್ದು ಎತ್ತರದ ಬಾವುಟದಿಂದ. ಚದುರಿದವರು ಮತ್ತೆ ಕೂಡುತ್ತಿದ್ದದ್ದೂ ಅದರ ಬುಡದಲ್ಲಿ. ಗೋಲಂದಾಜನಿಗೆ ಆ ಹುಡುಕಾಟವಿಲ್ಲ, ಅವನ ಜಾಗ ಫಿರಂಗಿಯ ಪಕ್ಕದಲ್ಲೇ. ಮೇಲಾಗಿ ಕಾಲಾಳುಗಳ ಪಲ್ಟನ್ ಒಟ್ಟಾಗಿ ಹೋರಾಡುತ್ತಿತ್ತು. ತೋಪಖಾನೆ ನಾಲ್ಕಾರು ಫಿರಂಗಿಗಳ ತುಂಡು ತುಂಡಾಗಿ ಹಂಚಿಹೋಗುತ್ತಿತ್ತು. ಒಂದು ಬಾವುಟ ಇಟ್ಟರೂ ಯಾವ ತುಂಡಿನ ಜೊತೆ ಕಳಿಸುವುದು?

ಆರಂಭದಲ್ಲಿ ಬಾವುಟ ಇರಲೇ ಇಲ್ಲವೆಂದಲ್ಲ. ಬ್ರಿಟನ್ನಿನಲ್ಲಿ ಮೊದಲು ಯುದ್ಧ ಬಂದಾಗ ಮಾತ್ರ ತೋಪಿನ ಸಾಲು ಕಟ್ಟಿ, ಮುಗಿದ ಮೇಲೆ ಬಿಡಿಸಿಬಿಡುತ್ತಿದ್ದರು. ಆ ಸಾಲಿನ ಅತಿ ದೊಡ್ಡ ಫಿರಂಗಿಯ ಮೇಲೆ ಒಂದು ಬಾವುಟ ಹಾರುತ್ತಿತ್ತು. ಅದಕ್ಕೆ ಬಾವುಟದ ಫಿರಂಗಿ ಎಂದೇ ಹೆಸರು. 1716ರ ಮೇ 26ರಂದು ಲಂಡನ್ ಬಳಿಯ ವುಲಿಚ್‌ನಲ್ಲಿ ಎರಡು ಕಾಯಂ ಕಂಪನಿಗಳು ಹುಟ್ಟಿದವು. ಅವೇ ಮುಂದೆ ರಾಯಲ್ ಆರ್ಟಿಲರಿ ಆದವು. ಕಾಲಕ್ರಮದಲ್ಲಿ ಬಟ್ಟೆ ಮಾಯವಾಯಿತು, ಅದನ್ನು ಹೊತ್ತ ಫಿರಂಗಿಯೇ ಗೌರವಕ್ಕೆ ಪಾತ್ರವಾಗಿ ಉಳಿಯಿತು.

ಇದರಿಂದ ಒಂದು ತೊಡಕು ಎದ್ದಿತು. ಕಾಲಾಳುಗಳು ತಾವು ಗೆದ್ದ ಯುದ್ಧಗಳ ಹೆಸರನ್ನು ಬಾವುಟದ ಮೇಲೆ ಕಸೂತಿ ಮಾಡಿಸುತ್ತಾರೆ. ಫಿರಂಗಿಯ ನಳಿಗೆಯ ಮೇಲೆ ಎಷ್ಟೆಂದು ಕೆತ್ತುವುದು? ಎಲ್ಲ ಯುದ್ಧಗಳಲ್ಲೂ ಇದ್ದವರಿಗೆ ಪಟ್ಟಿಯೇ ಬೇಡವೆಂಬಂತೆ 1830ರ ದಶಕದಲ್ಲಿ ದೊರೆ ನಾಲ್ಕನೇ ವಿಲಿಯಂ ಒಂದೇ ಲ್ಯಾಟಿನ್ ಮಾತು ಕೊಟ್ಟ: ಉಬಿಕ್ವೆ, ಎಲ್ಲೆಲ್ಲೂ. ಗೌರವ ದೊಡ್ಡದೇ. ಆದರೆ ಎಲ್ಲರಿಗೂ ಸೇರಿದ ಮಾತು ಮೈವಂದ್‌ನಲ್ಲಿ ಸತ್ತ ಒಂದು ತಂಡವನ್ನು ಪ್ರತ್ಯೇಕವಾಗಿ ನೆನೆಯಲಾರದು. ಆ ನೆನಪೆಲ್ಲ ಘಟಕಗಳ ಹೆಸರಿನೊಳಗೆ ಹೋಗಿ ಕೂತಿತು.

ಆ ಹೆಸರುಗಳೋ ನಿಂತಲ್ಲಿ ನಿಲ್ಲಲಿಲ್ಲ. ಮೊದಲು ಕ್ಯಾಪ್ಟನ್‌ನ ಹೆಸರೇ ತಂಡದ ಹೆಸರು. 1859ರಲ್ಲಿ ಕಂಪನಿಗಳೆಲ್ಲ ಬ್ಯಾಟರಿಗಳಾದವು; ನಾಲ್ಕಾರು ಫಿರಂಗಿಗಳ ತಂಡಕ್ಕೆ ಬ್ಯಾಟರಿ ಎಂದು ಹೆಸರು. ಮೈವಂದ್‌ನ ತಂಡ ಆ ಯುದ್ಧದ ಹೊತ್ತಿಗೆ ಬಿ ಬ್ರಿಗೇಡಿನ ಇ ಬ್ಯಾಟರಿ. ಮುಂದೆ ಅಕ್ಷರ ಹೋಗಿ ಅಂಕಿ ಬಂತು, ಆ ಅಂಕಿಯೂ ಬದಲಾಯಿತು. 1920ರ ದಶಕದಲ್ಲಿ ಬ್ಯಾಟರಿಗಳಿಗೆ ಗೌರವನಾಮ ಕೊಡುವ ಪದ್ಧತಿ ಬಂದ ಮೇಲೆ ಅದು ಮುಂದೆ 145 (ಮೈವಂದ್) ಬ್ಯಾಟರಿ ಎಂದಾಯಿತು. ಕಂಸದೊಳಗಿನ ಆ ಪದ ಕಾಲಾಳಿನ ಕಸೂತಿಗೆ ಸಮ.

ಇಂಥ ಹೆಸರುಗಳಲ್ಲಿ ಒಂದು ನಮ್ಮ ನೆಲದವರೆಗೂ ಬರುತ್ತದೆ. ರಾಯಲ್ ಹಾರ್ಸ್ ಆರ್ಟಿಲರಿಯ, ಅಂದರೆ ಕುದುರೆ ತೋಪಖಾನೆಯ, ಓ ಬ್ಯಾಟರಿಗೆ 'ರಾಕೆಟ್ ಟ್ರೂಪ್' ಎಂಬ ಬಿರುದು. 1813ರ ಅಕ್ಟೋಬರಿನಲ್ಲಿ ನೆಪೋಲಿಯನ್ ವಿರುದ್ಧ ಲೈಪ್‌ಜಿಗ್‌ನಲ್ಲಿ ನಡೆದ ಮಹಾಯುದ್ಧದಲ್ಲಿ ಬ್ರಿಟನ್ನಿನ ಕಡೆಯಿಂದ ಇದ್ದದ್ದು ಈ ರಾಕೆಟ್ ತಂಡವೊಂದೇ. ಅದರ ನಾಯಕ ಕ್ಯಾಪ್ಟನ್ ರಿಚರ್ಡ್ ಬೋಗ್ ಅಲ್ಲೇ ಸತ್ತ. ಅವರು ಹಾರಿಸಿದ್ದು ವಿಲಿಯಂ ಕಾಂಗ್ರೀವ್ ರೂಪಿಸಿದ ರಾಕೆಟ್. ಕಾಂಗ್ರೀವ್‌ನ ಕೆಲಸಕ್ಕೆ ಪ್ರೇರಣೆಯಾದದ್ದು ಮೈಸೂರಿನ ಕಬ್ಬಿಣದ ನಳಿಗೆಯ ರಾಕೆಟ್. ಟಿಪ್ಪುವಿನ ಸೈನ್ಯದಲ್ಲಿ ದಂಡಿನ ತುಕಡಿಗೆ ಕುಶೂನ್ ಎಂದು ಹೆಸರು, ಕುಶೂನ್‌ಗಳ ಜೊತೆ ರಾಕೆಟ್‌ನವರ ತಂಡಗಳಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ರಾಕೆಟ್‌ಗಳು ವುಲಿಚ್‌ಗೆ ಹೋದವು. ಕುಶೂನ್ ಎಂಬ ಹೆಸರು ಇತಿಹಾಸದ ಪುಟಗಳಿಗೆ ಸರಿಯಿತು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಳೆಯ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕಾಗ ನಾವು ಬೆರಗಾದೆವು. ಅವನ್ನು ಹಾರಿಸಬೇಕಿದ್ದ ತಂಡದ ಹೆಸರು ಹೇಳಲು ಮಾತ್ರ ನಮ್ಮಲ್ಲಿ ಯಾವ ಬ್ಯಾಟರಿಯೂ ಉಳಿದಿಲ್ಲ. ಗೆದ್ದವರ ಹೆಸರಿಗಷ್ಟೇ ವಾರಸುದಾರರು ಸಿಗುವುದು ಎಂಬುದು ನನ್ನನ್ನು ಕಾಡುತ್ತದೆ.

ಭಾರತೀಯ ತೋಪಖಾನೆಯ ಹೆಸರುಗಳಲ್ಲಿ ಅಪನಂಬಿಕೆಯ ಗುರುತೂ ಇದೆ. 1857ರ ದಂಗೆಯ ನಂತರ ಬ್ರಿಟಿಷರು ದೇಶೀಯರ ಕೈಗೆ ಫಿರಂಗಿ ಕೊಡಲು ಹೆದರಿದರು. ಉಳಿಸಿದ್ದು ಕೆಲವು ಬೆಟ್ಟದ ತೋಪಿನ ಬ್ಯಾಟರಿಗಳನ್ನಷ್ಟೇ. ಬಿಚ್ಚಿ ಹೇಸರಗತ್ತೆಗಳ ಮೇಲೆ ಹೇರುವ ಸಣ್ಣ ಫಿರಂಗಿಗಳು ಅವು. ಕೊಹಾಟ್, ಡೇರಾಜಾತ್, ಪೇಶಾವರ, ಹಜಾರಾ ಎಂದು ಗಡಿನಾಡಿನ ಹೆಸರುಗಳು ಅವುಗಳಲ್ಲಿ ಹಲವಕ್ಕೆ. 1903ರಲ್ಲಿ ದಂಡನಾಯಕ ಕಿಚನರ್ ಸೈನ್ಯಕ್ಕೆ ಹೊಸ ಅಂಕಿ ಹಾಕಿದಾಗ ಇವುಗಳ ಸಂಖ್ಯೆಗೆ ಇಪ್ಪತ್ತು ಕೂಡಿಸಿದರು. 1915ರ ಏಪ್ರಿಲ್ 25ರಂದು ತುರ್ಕಿಯ ಗಲಿಪೊಲಿಯ ದಡದಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪಡೆಗಳ ಜೊತೆ ಇಳಿದದ್ದು 21ನೇ ಕೊಹಾಟ್ ಮತ್ತು 26ನೇ ಜೇಕಬ್ಸ್ ಬ್ಯಾಟರಿಗಳು.

ಬಯಲಿನ ದೊಡ್ಡ ಫಿರಂಗಿಗಳು ಭಾರತೀಯರ ಕೈಗೆ ಮತ್ತೆ ಬಂದದ್ದು ನಮ್ಮ ಬೆಂಗಳೂರಿನಲ್ಲಿ. 1935ರ ಜನವರಿ 15ರಂದು ಇಲ್ಲಿ ಎದ್ದ ಘಟಕಕ್ಕೆ ಇಟ್ಟ ಹೆಸರು 'ಎ' ಫೀಲ್ಡ್ ಬ್ರಿಗೇಡ್. ಎಪ್ಪತ್ತೆಂಟು ವರ್ಷಗಳ ಅಪನಂಬಿಕೆಯ ನಂತರ ಅಕ್ಷರಮಾಲೆಯ ಮೊದಲಿನಿಂದ ಹೊಸದಾಗಿ ಶುರು! 1945ರಲ್ಲಿ ಇಡೀ ತೋಪಖಾನೆಗೆ 'ರಾಯಲ್' ಎಂಬ ವಿಶೇಷಣ ಸೇರಿತು, ದೇಶ ಗಣರಾಜ್ಯವಾದಾಗ ಅದು ಕಳಚಿತು. ಧ್ಯೇಯವಾಕ್ಯ 'ಸರ್ವತ್ರ ಇಜ್ಜತ್-ಓ-ಇಕ್ಬಾಲ್', ಎಲ್ಲೆಲ್ಲೂ ಗೌರವ ಮತ್ತು ಕೀರ್ತಿ, ಎಂದಾಯಿತು. ಫಿರಂಗಿಯೇ ಬಾವುಟ ಎಂಬ ನಂಬಿಕೆ ಮಾತ್ರ ಹಾಗೇ ಉಳಿಯಿತು. ಗೌರವನಾಮಗಳಿಗೆ ಈಗ ನಮ್ಮವೇ ಯುದ್ಧಗಳು, ಕಾರ್ಗಿಲ್ ಅವುಗಳಲ್ಲೊಂದು.

ಭಾರತೀಯ ತೋಪಖಾನೆ ಪ್ರತಿವರ್ಷ ಗನ್ನರ್ಸ್ ಡೇ ಆಚರಿಸುವುದು ಸೆಪ್ಟೆಂಬರ್ 28ರಂದು. 1827ರಲ್ಲಿ ಆ ದಿನ ಬಾಂಬೆ ತೋಪಖಾನೆಯ ಒಂದು ಕಂಪನಿ ಹುಟ್ಟಿತು. ಮುಂದೆ ಅದೇ 5ನೇ ಸಂಖ್ಯೆಯ ಬೆಟ್ಟದ ಬ್ಯಾಟರಿ. ಕಿಚನರ್ ಕಾಲದಲ್ಲಿ 25, ಆಮೇಲೆ 105, ಕೊನೆಗೆ ಮತ್ತೆ 5. ಅದೀಗ 57ನೇ ಫೀಲ್ಡ್ ರೆಜಿಮೆಂಟಿನ ಭಾಗ. ಊರು 1995ರಲ್ಲೇ ಮುಂಬೈ ಆಯಿತು, ಬ್ಯಾಟರಿಯ ಹೆಸರು ಇವತ್ತಿಗೂ 5 (ಬಾಂಬೆ) ಮೌಂಟನ್ ಬ್ಯಾಟರಿ.