ಉಮಾಶ್ರೀ ಬರೀ ಕಾಮಿಡಿ ನಟಿಯೇ?

ಓದುಗರ ಪ್ರಶ್ನೆ: ಹಳೇ ಸಿನಿಮಾಗಳಲ್ಲಿ ಉಮಾಶ್ರೀ ಅವರ ಕಾಮಿಡಿ ನೋಡಿ ತುಂಬಾ ನಕ್ಕಿದ್ದೇವೆ. ಆದರೆ ನಾಟಕದವರು ಅವರನ್ನು ಅಷ್ಟು ದೊಡ್ಡ ಕಲಾವಿದೆ ಅಂತಾರಲ್ಲ, ಯಾಕೆ?

ಬೆಂಗಳೂರಿನಲ್ಲಿ ಬಹಳ ವರ್ಷಗಳಿಂದ ನಾಟಕ ನೋಡುತ್ತಾ ಬಂದವರನ್ನು ಇದೇ ಮಾತು ಕೇಳಿ ನೋಡಿ. ‘ಅವರ ಸಾಕವ್ವನ ಪಾತ್ರ ನೋಡಿದ್ದೀರಾ?’ ಅಂತ ನಿಮ್ಮನ್ನೇ ತಿರುಗಿ ಕೇಳುತ್ತಾರೆ.

ಉಮಾಶ್ರೀ ಹುಟ್ಟಿದ್ದು 1957ರಲ್ಲಿ, ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ. ಇಬ್ಬರು ಮಕ್ಕಳನ್ನು ಒಬ್ಬರೇ ಸಾಕಬೇಕಾಗಿತ್ತು. ಸಿನಿಮಾಕ್ಕಿಂತ ಮೊದಲು ಅವರ ಕೈ ಹಿಡಿದಿದ್ದು ನಾಟಕ. 1984ರ ‘ಅನುಭವ’ ಚಿತ್ರದಿಂದ ಮನೆಮಾತಾದರು. ಆಮೇಲೆ ಎನ್.ಎಸ್. ರಾವ್ ಅವರಂಥ ನಟರ ಜೊತೆ ಸಾಲು ಸಾಲು ಕಾಮಿಡಿ ಪಾತ್ರಗಳು ಬಂದವು. ಕೆಲವದರಲ್ಲಿ ದ್ವಂದ್ವಾರ್ಥದ ಮಾತೇ ಜಾಸ್ತಿ. ಅಂಥ ಸಾಲುಗಳನ್ನೂ ಅವರು ಪೂರ್ತಿ ಮನಸ್ಸಿಟ್ಟು ಆಡಿದ್ದಾರೆ. ಅದಕ್ಕೇ ಪಾತ್ರ ಚಿಕ್ಕದಾದರೂ ಅವರು ನೆನಪಲ್ಲಿ ಉಳಿದುಬಿಡುತ್ತಾರೆ.

ಈಗ ಸಾಕವ್ವನ ವಿಷಯಕ್ಕೆ ಬರೋಣ. ದೇವನೂರ ಮಹಾದೇವ ಅವರ ಕಿರುಕಾದಂಬರಿ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿ, ಅಂದರೆ ಎಲ್ಲರ ಸಿಜಿಕೆ, ರಂಗಕ್ಕೆ ತಂದರು. ವಯಸ್ಸಿನಲ್ಲಿ ಇನ್ನೂ ಚಿಕ್ಕವರಾಗಿದ್ದ ಉಮಾಶ್ರೀ ಅದರಲ್ಲಿ ಮುದುಕಿಯಾದರು. ಸಾಕವ್ವನ ಕೋಳಿ ಕಳೆದುಹೋಗಿದೆ. ಅವಳು ಊರೆಲ್ಲ ಹುಡುಕುತ್ತಾಳೆ, ಬಾಯಿಗೆ ಬಂದಂತೆ ಬೈಯುತ್ತಾಳೆ. ಆ ಬೈಗುಳಕ್ಕೆ ನಗು ಬರದೇ ಇರುತ್ತಾ? ಆದರೆ ಅದೇ ಮನೆಯ ಜನ ರಾತ್ರಿ ಒಟ್ಟಿಗೆ ಕೂತು, ಕದ್ದು ತಂದ ಕಡಲೆಕಾಯಿ ತಿನ್ನುತ್ತಾರೆ. ಅಷ್ಟೊತ್ತಿಗೆ ನಮಗೆ ಅವರ ಹೊಟ್ಟೆಯ ಹಸಿವು ಅರ್ಥವಾಗಿರುತ್ತದೆ. ನಗಿಸುವುದಕ್ಕೆ ಅಂತ ಬೇರೆ ದನಿ, ಅಳಿಸುವುದಕ್ಕೆ ಅಂತ ಬೇರೆ ದನಿ ಇಟ್ಟುಕೊಂಡರೆ ಈ ಪಾತ್ರ ಕೆಟ್ಟುಹೋಗುತ್ತದೆ. ಎರಡೂ ಒಂದೇ ಬಾಯಿಂದ ಬರಬೇಕು.

ನನ್ನ ಪ್ರಕಾರ ಉತ್ತರ ಇರುವುದು ಇಲ್ಲೇ. ನಾಟಕದಲ್ಲಿ ನಗಿಸುವುದು ಬಲು ಕಷ್ಟದ ಕೆಲಸ. ಜನ ನಕ್ಕಾಗ ನಟಿ ಕಾಯಬೇಕು. ನಗು ಪೂರ್ತಿ ನಿಲ್ಲೋವರೆಗೆ ಕಾದರೆ ದೃಶ್ಯ ಬಿದ್ದುಹೋಗುತ್ತದೆ, ಆತುರಪಟ್ಟರೆ ಮುಂದಿನ ಮಾತು ಯಾರಿಗೂ ಕೇಳಿಸುವುದಿಲ್ಲ. ನಗು ಇಳಿಯುತ್ತಿರುವಾಗಲೇ ಸರಿಯಾಗಿ ಹಿಡಿಯಬೇಕು. ಅಲ್ಲಿ ರೀಟೇಕ್ ಇಲ್ಲ. ಹೀಗೆ ಪಳಗಿದವರಿಗೆ ಸುಮ್ನೆ ನಿಲ್ಲುವುದೂ ಗೊತ್ತಿರುತ್ತದೆ. ಗಿರೀಶ್ ಕಾಸರವಳ್ಳಿ ಅವರ ‘ಗುಲಾಬಿ ಟಾಕೀಸ್’ನಲ್ಲಿ ಸಿನಿಮಾ ಹುಚ್ಚಿನ ಸೂಲಗಿತ್ತಿಯಾಗಿ ಅವರು ಎಷ್ಟು ಕಡಿಮೆ ಮಾತಾಡುತ್ತಾರೆ ಅಂತ ಗಮನಿಸಿ. 2008ರ ಆ ಚಿತ್ರಕ್ಕೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು.

2013ರಲ್ಲಿ ತೇರದಾಳದಿಂದ ಗೆದ್ದು ಮಂತ್ರಿಯೂ ಆದರು. ಕನ್ನಡ ಮತ್ತು ಸಂಸ್ಕೃತಿ ಖಾತೆ ಅವರ ಬಳಿಯೇ ಇತ್ತು. ಅಷ್ಟಾದ ಮೇಲೂ ಬಣ್ಣ ಬಿಡಲಿಲ್ಲ. ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಪುಟ್ಟಕ್ಕನಾಗಿ ಮನೆಮನೆಗೆ ಬಂದರು. ‘ಶರ್ಮಿಷ್ಠೆ’ ಎಂಬ ಏಕವ್ಯಕ್ತಿ ನಾಟಕದಲ್ಲಿ ಇಡೀ ರಂಗವನ್ನು ಒಬ್ಬರೇ ತುಂಬಿದರು.

ನೀವು ‘ಗುಲಾಬಿ ಟಾಕೀಸ್’ ನೋಡಿ, ಆಮೇಲೆ ಅವರ ಹಳೇ ಕಾಮಿಡಿ ದೃಶ್ಯಗಳಿಗೆ ವಾಪಸ್ ಹೋಗಿ. ಈ ಸಲ ಡೈಲಾಗ್ ಬಿಟ್ಟು, ಎದುರಿನವರು ಮಾತಾಡುವಾಗ ಅವರ ಮುಖ ನೋಡಿ.